ಸಿಡಿಲಿನ ಕಾಲಕ್ಕೆ ಮುಂಚೆ ಕಂಪ್ಯೂಟರಿನ ಪೂರ್ತಿ ಇಮೇಜ್ ತೆಗೆದಿಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮನೆಯ ಡೆಸ್ಕ್‌ಟಾಪಿನಲ್ಲಿ ಅಡಿಕೆ ತೋಟದ ಲೆಕ್ಕ, ಸೊಸೈಟಿಯ ಪತ್ರಗಳು, ಮಕ್ಕಳ ಫೋಟೋ ಎಲ್ಲ ಇದೆ. ಕನ್ನಡ ಟೈಪ್ ಮಾಡುವ ಹಳೇ ನುಡಿ ಸಾಫ್ಟ್‌ವೇರ್ ಇದೆ. ಲೆಕ್ಕದ ಒಂದು ಹಳೇ ಸಾಫ್ಟ್‌ವೇರೂ ಇದೆ, ಅದರ ಸಿಡಿ ಎಲ್ಲೋ ಕಳೆದುಹೋಗಿದೆ. ಹೋದ ಏಪ್ರಿಲಿನಲ್ಲಿ ಸಿಡಿಲು ಬಡಿದು ಪಕ್ಕದ ಮನೆಯವರ ಕಂಪ್ಯೂಟರ್ ಸುಟ್ಟುಹೋಯಿತು. ನಾನು ಡಾಕ್ಯುಮೆಂಟ್ಸ್ ಫೋಲ್ಡರನ್ನು ಆಗಾಗ ಪೆನ್ ಡ್ರೈವಿಗೆ ಕಾಪಿ ಮಾಡುತ್ತೇನೆ. ಅಷ್ಟು ಸಾಕಾ, ಇಲ್ಲಾ ಸಿಸ್ಟಮ್ ಇಮೇಜ್ ಅಂತಾರಲ್ಲ, ಅದನ್ನೂ ಮಾಡಬೇಕಾ? ವಿಂಡೋಸ್ 10, 256 ಜಿಬಿ ಎಸ್‌ಎಸ್‌ಡಿ, ಸುಮಾರು 120 ಜಿಬಿ ತುಂಬಿದೆ.

ಉತ್ತರ: ಮಾಡಬೇಕು. ಸಿಡಿ ಕಳೆದಿದೆ ಅಂದಿರಲ್ಲ, ಅದೊಂದೇ ಕಾರಣ ಸಾಕು.

ಫೈಲ್ ಕಾಪಿ ಮಾಡಿಟ್ಟರೆ ಫೈಲ್ ಉಳಿಯುತ್ತದೆ, ಅಷ್ಟೇ. ನಾಳೆ ಎಸ್‌ಎಸ್‌ಡಿ ಹೋಯಿತು ಅಂದುಕೊಳ್ಳಿ. ಹೊಸದು ತಂದು, ವಿಂಡೋಸ್ ಹಾಕಿ, ಪ್ರಿಂಟರ್ ಡ್ರೈವರ್ ಹುಡುಕಿ, ನುಡಿ ಹಾಕಿ ಎಲ್ಲ ಮುಗಿದ ಮೇಲೂ ನಿಮ್ಮ ಲೆಕ್ಕದ ಸಾಫ್ಟ್‌ವೇರ್ ವಾಪಸ್ ಬರುವುದಿಲ್ಲ. ಅದು ಇಲ್ಲದೆ ಅದರ ಡೇಟಾ ಫೈಲ್ ಇಟ್ಟುಕೊಂಡು ಏನು ಮಾಡ್ತೀರಿ? ಹಳೇ ನುಡಿಯ ಕಥೆಯೂ ಅದೇ. ಯೂನಿಕೋಡ್‌ಗೆ ಮುಂಚಿನ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಸಿಸ್ಟಮ್ ಇಮೇಜ್ ಅಂದರೆ ವಿಂಡೋಸ್, ಸಾಫ್ಟ್‌ವೇರು, ಸೆಟ್ಟಿಂಗು, ಫೈಲು, ಬೂಟ್ ಆಗಲು, ಅಂದರೆ ಕಂಪ್ಯೂಟರ್ ಎದ್ದು ಶುರುವಾಗಲು, ಬೇಕಾದ ಕಣ್ಣಿಗೆ ಕಾಣದ ಸಣ್ಣ ಪಾರ್ಟಿಶನ್ನುಗಳು (ಡಿಸ್ಕಿನ ಭಾಗಗಳು), ಎಲ್ಲವೂ ಈಗ ಇರುವ ಹಾಗೇ ಒಂದು ಕಡೆ ಬಂದು ಕೂರುವುದು. ಹೊಸ ಡಿಸ್ಕಿಗೆ ಅದನ್ನು ಇಳಿಸಿದರೆ ಡೆಸ್ಕ್‌ಟಾಪಿನ ಮೇಲಿನ ಐಕಾನೂ ಇದ್ದ ಜಾಗದಲ್ಲೇ ಇರುತ್ತದೆ.

ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ, 1 ಟಿಬಿ ಸಾಕು. ಪೆನ್ ಡ್ರೈವ್ ಇದಕ್ಕೆ ಬೇಡ. ಡಿ ಡ್ರೈವಿನಲ್ಲಿ ಜಾಗ ಇದೆಯಲ್ಲ ಅಂತ ಅಲ್ಲೇ ಇಡೋದಂತೂ ಬೇಡವೇ ಬೇಡ. ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಯವರೊಬ್ಬರು ಹೀಗೇ ಮಾಡಿದ್ದರು. ಇಮೇಜ್ ಶಿಸ್ತಾಗಿ ತೆಗೆದಿದ್ದರು, ಆದರೆ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಸತ್ತಾಗ ಎರಡೂ ಒಟ್ಟಿಗೇ ಹೋದವು. ಇಮೇಜ್ ಶುರು ಮಾಡುವಾಗ ವಿಂಡೋಸ್ ಈ ಎಚ್ಚರಿಕೆ ಕೊಡುತ್ತದೆ, ಆದರೆ ನಾವು ಓಕೆ ಒತ್ತಿ ಮುಂದೆ ಹೋಗೋರೇ ಜಾಸ್ತಿ.

ಇನ್ನು ಯಾವ ಸಾಫ್ಟ್‌ವೇರ್ ಅನ್ನೋದು. ವಿಂಡೋಸಿನಲ್ಲೇ ಒಂದಿದೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಬ್ಯಾಕಪ್ ಅಂಡ್ ರಿಸ್ಟೋರ್ ವಿಂಡೋಸ್ 7 ಅಂತ ಇರುತ್ತದೆ, ಅದರ ಎಡಗಡೆ ಕ್ರಿಯೇಟ್ ಎ ಸಿಸ್ಟಮ್ ಇಮೇಜ್. ಹೆಸರಿನಲ್ಲಿ 7 ಇದ್ದರೂ 10ರಲ್ಲೂ 11ರಲ್ಲೂ ಕೆಲಸ ಮಾಡುತ್ತದೆ. ಆದರೆ ಮೈಕ್ರೋಸಾಫ್ಟ್ 2017ರಲ್ಲೇ ಇದನ್ನು ಮುಂದೆ ಬೆಳೆಸುವುದಿಲ್ಲ, ಬೇರೆಯವರ ಸಾಫ್ಟ್‌ವೇರ್ ಬಳಸಿ ಅಂದುಬಿಟ್ಟಿದೆ. ರಿಸ್ಟೋರ್ ಮಾಡುವಾಗ, ಅಂದರೆ ಇಮೇಜನ್ನು ಡಿಸ್ಕಿಗೆ ವಾಪಸ್ ಇಳಿಸುವಾಗ, ಅದು ಸ್ವಲ್ಪ ಹಟಮಾರಿ ಬೇರೆ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಒಪ್ಪುವುದಿಲ್ಲ. ಎರಡನೇ ಸಲ ಇಮೇಜ್ ತೆಗೆದರೆ ಹಳೆಯದರ ಮೇಲೇ ಕೂರಬಹುದು, ಅದಕ್ಕೇ ಮುಂಚೆಯೇ ಹಳೇ ಫೋಲ್ಡರಿನ ಹೆಸರು ಬದಲಾಯಿಸಿಡಬೇಕು, ರಿಸ್ಟೋರ್ ಮಾಡುವ ಹೊತ್ತಿಗೆ ಮೊದಲಿನ ಹೆಸರನ್ನೇ ವಾಪಸ್ ಕೊಡಬೇಕು. ತಲೆನೋವು.

ನನ್ನನ್ನು ಕೇಳಿದರೆ ರೆಸ್ಕ್ಯೂಜಿಲ್ಲಾ ಬಳಸಿ. ದುಡ್ಡು ಕೊಡಬೇಕಿಲ್ಲ. ಇನ್ನೊಂದು ಕಂಪ್ಯೂಟರಿನಿಂದ ಅದರ ಐಎಸ್‌ಒ ಫೈಲ್ ಇಳಿಸಿ, ರುಫಸ್ ಅನ್ನೋ ಸಣ್ಣ ಸಾಫ್ಟ್‌ವೇರಿನಿಂದ 8 ಜಿಬಿ ಪೆನ್ ಡ್ರೈವಿಗೆ ಬರೆಯಿರಿ. ಆ ಪೆನ್ ಡ್ರೈವಿನಿಂದಲೇ ನಿಮ್ಮ ಕಂಪ್ಯೂಟರನ್ನು ಬೂಟ್ ಮಾಡಬೇಕು, ಆಗ ವಿಂಡೋಸ್ ಮಲಗಿರುತ್ತದೆ, ಇದು ಹೊರಗಿನಿಂದ ಪೂರ್ತಿ ಡಿಸ್ಕನ್ನು ನಕಲು ಮಾಡುತ್ತದೆ. ತೆರೆಯ ಮೇಲೆ ಬ್ಯಾಕಪ್, ರಿಸ್ಟೋರ್ ಅಂತ ದೊಡ್ಡ ಬಟನ್ನುಗಳು, ಮೌಸಿನಲ್ಲಿ ಒತ್ತಿಕೊಂಡು ಹೋದರಾಯಿತು. ಖಾಲಿ ಜಾಗವನ್ನು ನಕಲು ಮಾಡುವುದಿಲ್ಲ, ಇರುವುದನ್ನೂ ಕುಗ್ಗಿಸಿ ಇಡುತ್ತದೆ, ಹಾಗಾಗಿ ನಿಮ್ಮ 120 ಜಿಬಿ ಅದಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಒಂದು ಮಾತು, ಇದಕ್ಕೆ ಮುಂಚೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಬೇಡಿ, ರೀಸ್ಟಾರ್ಟ್ ಕೊಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ಶಟ್‌ಡೌನ್ ಅಂದರೆ ಈಗ ಅರ್ಧ ನಿದ್ದೆ, ಡಿಸ್ಕ್ ಪೂರ್ತಿ ಮುಚ್ಚಿರುವುದಿಲ್ಲ. ರೀಸ್ಟಾರ್ಟ್ ಕೊಟ್ಟರೆ ಪೂರ್ತಿ ಮುಚ್ಚಿ ಏಳುತ್ತದೆ.

ಹಾರ್ಡ್ ಡಿಸ್ಕನ್ನು ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ ಕಿಂಡಿಗೆ ಹಾಕಿ, ಸಾಮಾನ್ಯವಾಗಿ ಅದು 3.0. ಅಲ್ಲಿ ಹೆಚ್ಚೂಕಡಿಮೆ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಹಳೇ 2.0 ಕಿಂಡಿಯಾದರೆ ಒಂದು ಗಂಟೆ ದಾಟುತ್ತದೆ. ನಡುವೆ ಕರೆಂಟು ಹೋದರೆ? ನಿಮ್ಮ ಕಂಪ್ಯೂಟರಿನಲ್ಲಿರುವುದಕ್ಕೆ ಏನೂ ಆಗುವುದಿಲ್ಲ, ನಕಲು ಮಾತ್ರ ಅರ್ಧಕ್ಕೆ ನಿಲ್ಲುತ್ತದೆ, ಅದನ್ನು ಅಳಿಸಿ ಮತ್ತೆ ಶುರು ಮಾಡಿ. ಮನೆ ಇನ್ವರ್ಟರಿಗೆ ಕಂಪ್ಯೂಟರ್ ಕೊಟ್ಟಿದ್ದರೆ ಈ ಗೋಳು ಕಡಿಮೆ. ಮುಗಿದ ಮೇಲೆ ವೆರಿಫೈ ಇಮೇಜ್ ಅಂತ ಇದೆ, ಅದನ್ನೂ ಒತ್ತಿ. ಇನ್ನೂ ಸ್ವಲ್ಪ ಹೊತ್ತು ಕಾಯಬೇಕು, ಕಾಯಿರಿ.

ಮುಂದೆ ರಿಸ್ಟೋರ್ ಮಾಡುವ ದಿನ ಬಂದರೆ ಕೈ ನಡುಗಬೇಕಾದ ಜಾಗ ಒಂದೇ. ಯಾವ ಡಿಸ್ಕಿಗೆ ಇಳಿಸಲಿ ಅಂತ ಕೇಳುತ್ತದೆ. ಅಲ್ಲಿ ಸಿ, ಡಿ ಅಂತ ಹೆಸರಿರುವುದಿಲ್ಲ, ಎಸ್‌ಡಿಎ, ಎಸ್‌ಡಿಬಿ ಅಂತ ಇರುತ್ತದೆ. ಹೆಸರು ನೋಡಬೇಡಿ, ಅಳತೆ ನೋಡಿ. ನಿಮ್ಮದು 256ರ ಹತ್ತಿರ ತೋರಿಸುತ್ತದೆ, ಎಕ್ಸ್‌ಟರ್ನಲ್ 1 ಟಿಬಿ ಹತ್ತಿರ. ತಪ್ಪಿ ಬೇರೆ ಡಿಸ್ಕಿಗೆ ಇಳಿಸಿದರೆ ಅದರಲ್ಲಿದ್ದದ್ದು ಪೂರ್ತಿ ಅಳಿಸಿಹೋಗುತ್ತದೆ. ಇಲ್ಲೂ ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಲಿ.

ಆಮೇಲೆ ಎತ್ತಿಡುವ ವಿಷಯ, ನಮ್ಮ ಕಡೆ ಇದೇ ದೊಡ್ಡದು. ಇಮೇಜ್ ತೆಗೆದಾದ ಮೇಲೆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ಸಿಡಿಲಿಗೆ ಎರಡೂ ಒಟ್ಟಿಗೆ. ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಬಂದರೂ ಅಷ್ಟೇ, ಸಿಕ್ಕಿಸಿದ್ದನ್ನೆಲ್ಲ ಹಿಡಿಯುತ್ತದೆ. ಬಿಚ್ಚಿಡಿ. ಎಲ್ಲಿಡ್ತೀರಿ? ಜುಲೈನಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೇ ಬೂಸ್ಟು ಬರುವ ಊರು ನಮ್ಮದು. ಮಾಮೂಲಿ ಹಾರ್ಡ್ ಡಿಸ್ಕಿನ ಮೈಮೇಲೆ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ, ಅದರ ಹಿಂದೆ ಫಿಲ್ಟರ್ ಇದ್ದರೂ ತೇವ ನಿಧಾನಕ್ಕೆ ಒಳಗೆ ಹೋಗಬಲ್ಲದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಸಿಲಿಕಾ ಜೆಲ್ ಚೀಟಿ ನಾಲ್ಕೈದು ಹಾಕಿ, ಅದರಲ್ಲಿಡಿ. ಒಲೆಯ ಹೊಗೆ ಮುಟ್ಟುವ ಅಟ್ಟ ಬೇಡ. ರೆಸ್ಕ್ಯೂಜಿಲ್ಲಾ ಪೆನ್ ಡ್ರೈವನ್ನೂ ಅದೇ ಡಬ್ಬದಲ್ಲಿಡಿ, ಬೇಕಾದ ದಿನ ಹುಡುಕಾಟ ತಪ್ಪುತ್ತದೆ.

ಸಿಡಿಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸ್ಪೈಕ್ ಬಸ್ಟರ್ ನಂಬಿ ಕೂರಬೇಡಿ, ಹತ್ತಿರ ಬಡಿದರೆ ಅದು ತಡೆಯುವುದಿಲ್ಲ. ಮೋಡ ಕಟ್ಟುವಾಗ, ಗುಡುಗು ಕೇಳುವ ಮುಂಚೆಯೇ ಪ್ಲಗ್ ಎಳೆಯಿರಿ, ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ. ಜೊತೆಗೆ ರೌಟರಿನಿಂದ ಬರುವ ಲ್ಯಾನ್ ವೈರನ್ನೂ ಬಿಚ್ಚಿ. ಫೈಬರ್ ತಂತಿಯ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ರೌಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ಲ, ಅಲ್ಲಿಂದ ಲ್ಯಾನ್ ವೈರ್ ಹಿಡಿದು ಕಂಪ್ಯೂಟರಿಗೆ ಬರಬಹುದು.

ಇಮೇಜ್ ಪದೇ ಪದೇ ಬೇಕಿಲ್ಲ. ಮಾರ್ಚಿನಲ್ಲೊಂದು, ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಒಂದು ಇರಲಿ. ಹೊಸದು ತೆಗೆದ ತಕ್ಷಣ ಹಳೆಯದನ್ನು ಅಳಿಸಬೇಡಿ. ಲೆಕ್ಕದ ಫೈಲುಗಳು ದಿನಾ ಬದಲಾಗುತ್ತವೆ, ಅದಕ್ಕೆ ನಿಮ್ಮ ಪೆನ್ ಡ್ರೈವ್ ಅಭ್ಯಾಸ ನಡೆಯಲಿ. ಫೋಟೋಗಳ ಇನ್ನೊಂದು ಪ್ರತಿ ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ವಿಂಡೋಸ್ ಬ್ಯಾಕಪ್ ಅಂತ ಕಂಪ್ಯೂಟರೇ ಪದೇ ಪದೇ ಕೇಳುತ್ತಿತ್ತು, ಆನ್ ಮಾಡಿದ್ದೇನೆ. ಇಮೇಜ್ ಅಂದರೆ ಅದೇನಾ? (ಸಾಗರದಿಂದ)

ಉತ್ತರ: ಅಲ್ಲ. ಅದು ನಿಮ್ಮ ಕೆಲವು ಫೋಲ್ಡರು ಮತ್ತು ಸೆಟ್ಟಿಂಗನ್ನು ಒನ್‌ಡ್ರೈವಿಗೆ, ಅಂದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗಕ್ಕೆ, ಕಳಿಸುತ್ತದೆ. ಪುಕ್ಕಟೆ ಸಿಗುವುದು 5 ಜಿಬಿ. ಸಾಫ್ಟ್‌ವೇರುಗಳು ಅದರಲ್ಲಿ ಇರುವುದಿಲ್ಲ.

ಪ್ರಶ್ನೆ: ನನ್ನ ಹಳೇ ಕಂಪ್ಯೂಟರಿನ ಇಮೇಜನ್ನು ಹೊಸ ಲ್ಯಾಪ್‌ಟಾಪಿಗೆ ಇಳಿಸಬಹುದಾ ಮೇಡಂ/ಸರ್? ಹೊಸದರಲ್ಲಿ ವಿಂಡೋಸ್ 11 ಇದೆ. (ಶಿವಮೊಗ್ಗ, ವಿನೋಬನಗರ)

ಉತ್ತರ: ಬೇಡ. ಇಮೇಜ್ ಇರುವುದು ಅದೇ ಯಂತ್ರಕ್ಕೆ. ಬೇರೆ ಮದರ್‌ಬೋರ್ಡಿನಲ್ಲಿ ಡ್ರೈವರ್ ತಕರಾರು, ಲೈಸೆನ್ಸ್ ತಕರಾರು, ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ವ್ಯವಸ್ಥೆ ಹಳೆಯದರಲ್ಲಿ ಬಯಾಸ್, ಹೊಸದರಲ್ಲಿ ಯುಇಎಫ್‌ಐ ಆಗಿದ್ದರೆ ಬೂಟೇ ಆಗದಿರಬಹುದು. ಫೈಲುಗಳನ್ನು ಮಾತ್ರ ಸಾಗಿಸಿ. ಆದರೆ ಹೊಸ ಲ್ಯಾಪ್‌ಟಾಪಿನದೇ ಒಂದು ಇಮೇಜ್ ಈಗಲೇ ತೆಗೆಯಿರಿ. ಅದಕ್ಕೂ ಮುಂಚೆ ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನಲ್ಲಿರುವುದಕ್ಕೆಲ್ಲ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ, ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಅದು ತಾನಾಗೇ ಆನ್ ಆಗಿರುತ್ತದೆ. ಆಗಿದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಬೀಗ ತೆರೆಯುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ.

ಪ್ರಶ್ನೆ: ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿದೆ, 11ಕ್ಕೆ ಹೋಗಬೇಕೆಂದಿದ್ದೇನೆ. ಸರಿ ಬರದಿದ್ದರೆ ವಾಪಸ್ ಬರಬಹುದಾ? (ಕೊಪ್ಪದಿಂದ)

ಉತ್ತರ: ಹೌದು, 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಪ್‌ಗ್ರೇಡ್ ಆದ ಮೇಲೆ ಗೋ ಬ್ಯಾಕ್ ಬಟನ್ ಇರುವುದು ಮಾಮೂಲಾಗಿ 10 ದಿನ ಮಾತ್ರ. ಹಾಗಾಗಿ ಹೊರಡುವ ಹಿಂದಿನ ದಿನ 10ರ ಇಮೇಜ್ ತೆಗೆದಿಡಿ, ಆಗ ಎರಡು ತಿಂಗಳಾದ ಮೇಲೆ ಪ್ರಿಂಟರ್ ಕೈಕೊಟ್ಟರೂ ವಾಪಸ್ ಬರಬಹುದು. ಬರುವ ಮುಂಚೆ ಆ ಎರಡು ತಿಂಗಳಲ್ಲಿ ಹೊಸದಾಗಿ ಮಾಡಿದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಹಳೇ ಇಮೇಜಿನಲ್ಲಿ ಅವು ಇರುವುದಿಲ್ಲ.