ಫ್ರಾಂಕೆಲ್ ವಂಶಾವಳಿಯಲ್ಲಿ ಒಂದೇ ಹೆಸರು ಎರಡು ಸಲ ಯಾಕೆ?

ರೇಸ್ ಕುದುರೆ ಫ್ರಾಂಕೆಲ್‌ನ ಪೆಡಿಗ್ರಿಯಲ್ಲಿ, ಅಂದರೆ ವಂಶಾವಳಿ ಪಟ್ಟಿಯಲ್ಲಿ, ನಾರ್ದರ್ನ್ ಡ್ಯಾನ್ಸರ್ ಅನ್ನೋ ಕುದುರೆಯ ಹೆಸರು ಎರಡು ಕಡೆ ಬಂದಿರುವುದು ಮುದ್ರಣದ ತಪ್ಪಲ್ಲ. ಅಪ್ಪ, ಅಮ್ಮ ಇಬ್ಬರೂ ಅದೇ ಕುದುರೆಯ ಸಂತತಿ. ಮೊದಲು ಅಪ್ಪನ ಸಾಲು ಎಣಿಸಿ: ಗೆಲಿಲಿಯೋ, ಸ್ಯಾಡ್ಲರ್ಸ್ ವೆಲ್ಸ್, ನಾರ್ದರ್ನ್ ಡ್ಯಾನ್ಸರ್. ಮೂರನೇ ತಲೆಮಾರು. ಆಮೇಲೆ ಅಮ್ಮನ ಕಡೆ: ಕೈಂಡ್, ಅವಳಪ್ಪ ಡೇನ್‌ಹಿಲ್, ಅವನಪ್ಪ ಡಾನ್ಜಿಗ್, ಮತ್ತೆ ನಾರ್ದರ್ನ್ ಡ್ಯಾನ್ಸರ್. ನಾಲ್ಕನೆಯದು. ಇದನ್ನೇ ಪೆಡಿಗ್ರಿಯಲ್ಲಿ 3×4 ಅಂತ ಬರೆಯುವುದು: ಅಪ್ಪನ ಕಡೆ ಮೂರನೇ, ಅಮ್ಮನ ಕಡೆ ನಾಲ್ಕನೇ ತಲೆಮಾರು. ಫ್ರಾಂಕೆಲ್ 14ಕ್ಕೆ 14 ರೇಸ್ ಗೆದ್ದಿದ್ದು ಹೀಗೆ ಒಂದೇ ಪೂರ್ವಜ ಎರಡೂ ಕಡೆ ಇದ್ದುದರಿಂದಲೇ ಅಂತ ಖಚಿತವಾಗಿ ಹೇಳಲಾಗುವುದಿಲ್ಲ. ನೀವು ನೋಡುವ ಪಟ್ಟಿ ಐದು ತಲೆಮಾರಿನದಾದರೆ ಅಮ್ಮನ ಕಡೆಯ ಕೊನೇ ಸಾಲು ನೋಡಿ. ನಾರ್ದರ್ನ್ ಡ್ಯಾನ್ಸರ್ ತಾಯಿ ನಟಾಲ್ಮಾ ಅಲ್ಲೇ ಎರಡು ಸಲ ಸಿಗುತ್ತಾಳೆ. ಅದೂ ತಪ್ಪಲ್ಲ.