ಕಡಲ ಗಾಳಿ ವಿದ್ಯುತ್ ತರುವ ಎಸಿ ಕೇಬಲ್ ಉದ್ದವಾದಷ್ಟೂ ಸಾಮರ್ಥ್ಯ ಕುಗ್ಗುವುದೇಕೆ?

ಮುಖ್ಯ ಕಾರಣ ರೋಧವಲ್ಲ, ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ). ವಾಹಕ, ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ನಿರೋಧಕ, ಸೀಸದ ಕವಚ ಮೂರೂ ಸೇರಿ ಇಡೀ ಕೇಬಲ್ಲೇ ಒಂದು ಕೆಪಾಸಿಟರ್. 220 ಕೆವಿ, 50 ಹರ್ಟ್ಸ್, ಕಿ.ಮೀ.ಗೆ 0.18 ಮೈಕ್ರೋಫ್ಯಾರಡ್ ಎಂದು ಹಿಡಿದರೆ ಚಾರ್ಜಿಂಗ್ ಕರೆಂಟ್ (ಈ ಕೆಪಾಸಿಟರ್ ತುಂಬಿ ಬರಿದಾಗಲು ಹರಿಯುವ ಕರೆಂಟ್) ಕಿ.ಮೀ.ಗೆ ಸುಮಾರು 7.2 ಆಂಪಿಯರ್, 100 ಕಿ.ಮೀ.ಗೆ 720. ಕೇಬಲ್ ತಾಳುವುದು 1000 ಆಂಪಿಯರ್ ಎಂದುಕೊಳ್ಳಿ. ಆ 720ನ್ನೂ ಒಂದೇ ತುದಿಯಿಂದ ಕೊಟ್ಟರೆ ಉಪಯುಕ್ತ ಕರೆಂಟಿಗೆ ಅಲ್ಲಿ ಉಳಿಯುವುದು 694 (1000ರ ವರ್ಗದಿಂದ 720ರ ವರ್ಗ ಕಳೆದು ವರ್ಗಮೂಲ, ನೇರ ಕಳೆಯುವಂತಿಲ್ಲ). ಎರಡೂ ತುದಿಗೆ ಶಂಟ್ ರಿಯಾಕ್ಟರ್ (ಚಾರ್ಜಿಂಗ್ ಕರೆಂಟ್ ಸರಿದೂಗಿಸುವ ಸುರುಳಿ) ಹಾಕಿ ಸಮಪಾಲು ಮಾಡಿದರೆ 930 ದಾಟುತ್ತದೆ. ಬ್ರಿಟನ್ನಿನ ಕಡಲ ಗಾಳಿ ವಿದ್ಯುತ್ ಸ್ಥಾವರ ಹಾರ್ನ್‌ಸೀ 1ಕ್ಕೆ ನಡುದಾರಿಯ ಸಮುದ್ರದಲ್ಲೇ ರಿಯಾಕ್ಟರ್ ಸ್ಟೇಷನ್ ಕಟ್ಟಿದ್ದು ಇದಕ್ಕೇ.

ಆದರೆ ರಿಯಾಕ್ಟರ್ ಸುಮ್ಮನೆ ಏರಿಸುತ್ತ ಹೋಗಬೇಡಿ. ಕೇಬಲ್ ಜೊತೆಗೇ ಚಾಲೂ ಆಗುವ ರಿಯಾಕ್ಟರ್ ಸರಿದೂಗಿಸುವ ಪಾಲು ಚಾರ್ಜಿಂಗ್ ಕರೆಂಟಿನ ಶೇ 50 ದಾಟಿದರೆ ಬ್ರೇಕರ್ (ಕರೆಂಟ್ ಕಡಿಯುವ ಸ್ವಿಚ್) ಕರೆಂಟ್ ಹಲವು ಸೈಕಲ್ ಸೊನ್ನೆ ಮುಟ್ಟದೇ ಇರಬಹುದು. ಬ್ರೇಕರ್ ಕರೆಂಟ್ ಕಡಿಯುವುದು ಅದು ಸೊನ್ನೆ ಮುಟ್ಟಿದಾಗ; ಆಗಲೇ ಫಾಲ್ಟ್ ಬಂದರೆ ಸರಿಯಿರುವ ಫೇಸ್‌ಗಳನ್ನು ಕಡಿಯಲು ಬ್ರೇಕರ್ ತಿಣುಕುತ್ತದೆ.