ಮಗಳು ‘ನೋಡಿ ಕಲಿಯುವವಳು’ ಎಂದಾದರೆ ಎಲ್ಲವನ್ನೂ ಚಿತ್ರದಲ್ಲೇ ಕಲಿಸಬೇಕೇ?

ಬೇಡ. ಶಾಲೆಯಲ್ಲಿ ಯಾವುದೋ ಪ್ರಶ್ನಾವಳಿ ತುಂಬಿಸಿ ನಿಮ್ಮ ಮಗಳು ನೋಡಿ ಕಲಿಯುವವಳು ಎಂದಿದ್ದಾರೆ, ಬಹುಬುದ್ಧಿ ಸಿದ್ಧಾಂತವೂ ಅದನ್ನೇ ಹೇಳುತ್ತದಲ್ಲವೇ ಎಂದು ಕೇಳಿದ್ದೀರಿ. ಗಣಿತ ಕಲಿಸುವ ನನಗೆ ಇಂಥ ಹಣೆಪಟ್ಟಿಗಳ ಮೇಲೆ ಸಿಟ್ಟೇ ಇದೆ.

ಬುದ್ಧಿ ಒಂದೇ ಅಲ್ಲ, ಹಲವು ಬಗೆ ಎನ್ನುವುದೇ ಬಹುಬುದ್ಧಿ ಸಿದ್ಧಾಂತ. ಅದನ್ನು ಮಂಡಿಸಿದ ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಭಾಷೆ, ತರ್ಕ, ಸಂಗೀತ, ದೇಹಚಲನೆ ಮೊದಲಾಗಿ ಏಳು ಬುದ್ಧಿಗಳನ್ನು ಗುರುತಿಸಿದರು. ನಿಸರ್ಗದ ತಿಳಿವಳಿಕೆ ಆಮೇಲೆ ಸೇರಿತು. ಇದನ್ನು ಒಪ್ಪದ ಮನೋವಿಜ್ಞಾನಿಗಳು ಬಹಳ. ಒಂದು ವಿಷಯದಲ್ಲಿ ಮುಂದಿರುವವರು ಸಾಮಾನ್ಯವಾಗಿ ಮಿಕ್ಕವುಗಳಲ್ಲೂ ಮುಂದಿರುತ್ತಾರೆ ಎಂದು ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು. ಆ ಜಗಳ ಹಾಗಿರಲಿ. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂಬ ವಿಂಗಡಣೆಗೂ ತಮ್ಮ ಸಿದ್ಧಾಂತಕ್ಕೂ ಗಂಟು ಹಾಕಬೇಡಿ ಎಂದು ಗಾರ್ಡ್ನರ್ ಅವರೇ ಹೇಳಿದ್ದಾರೆ. ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಜಾಲಾಡಿದರು. ಮಗುವಿನ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ.

ಚಿತ್ರ ಬೇಕೋ ಮಾತು ಬೇಕೋ ಎಂಬುದನ್ನು ಪಾಠವೇ ಹೇಳುತ್ತದೆ. ಮೂರಕ್ಕಿಂತ ನಾಲ್ಕು ದೊಡ್ಡದು, ಆದ್ದರಿಂದ 1/3ಕ್ಕಿಂತ 1/4 ದೊಡ್ಡದು ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಮೂರಾಗಿ, ನಾಲ್ಕಾಗಿ ಮಡಿಸಿ ಪಕ್ಕಪಕ್ಕ ಇಟ್ಟರೆ ಗೊಂದಲ ಕರಗುತ್ತದೆ, ‘ಕೇಳಿ ಕಲಿಯುವ’ ಮಗುವಿಗೂ. ಅದೇ 1/97 ಮತ್ತು 1/98 ಕೊಡಿ. ಯಾವ ಪಟ್ಟಿಯೂ ಉಪಯೋಗಕ್ಕೆ ಬಾರದು. ಹೆಚ್ಚು ಪಾಲು ಮಾಡಿದಷ್ಟೂ ಒಂದೊಂದು ಪಾಲು ಕಿರಿದಾಗುತ್ತದೆ ಎಂದು ಮಗು ಬಾಯಿಬಿಟ್ಟು ಹೇಳಬೇಕು. ಚಿತ್ರದಲ್ಲೇ ಉಳಿಸಿಕೊಂಡರೆ ನಿಮ್ಮ ಮಗಳು ಈ ತರ್ಕಕ್ಕೆ ಬರುವುದೇ ಇಲ್ಲ. ಇನ್ನು ಛಂದಸ್ಸನ್ನು ಕಿವಿಗೊಡದೆ, ನಕಾಶೆಯನ್ನು ನೋಡದೆ ಯಾರೂ ಕಲಿತದ್ದಿಲ್ಲ.

ಎಲ್ಲ ಮಕ್ಕಳಿಗೂ ಫಲ ಕೊಡುವುದು ಕಲಿತದ್ದನ್ನು ಪುಸ್ತಕ ನೋಡದೆ ನೆನಪಿನಿಂದ ಹೊರತೆಗೆಯುವ ಅಭ್ಯಾಸ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಪಾಠವನ್ನು ಮತ್ತೆ ಓದಿದವರು ಗೆದ್ದರು. ವಾರದ ನಂತರ, ಮತ್ತೆ ಓದುವುದನ್ನು ಬಿಟ್ಟು ನೆನಪಿಸಿಕೊಂಡು ಬರೆದಿದ್ದವರು ಗೆದ್ದರು. ಮರು ಓದು ಹಿತವೆನಿಸುತ್ತದೆ, ಅದೇ ಅದರ ಮೋಸ.

ಹಾಗಾಗಿ ಮಗಳು ಚಿತ್ರ ಬಿಡಿಸುವುದನ್ನು ತಡೆಯಬೇಡಿ. ಪುಸ್ತಕ ಮುಚ್ಚಿ ಬಿಡಿಸಲು ಹೇಳಿ, ಪ್ರತಿ ಗೆರೆ ಏಕೆ ಅಲ್ಲಿದೆ ಎಂದು ಕೇಳಿ, ಎರಡು ದಿನ ಬಿಟ್ಟು ಅದನ್ನೇ ಮತ್ತೆ ಬಿಡಿಸಲು ಹೇಳಿ.